ಮಾರಿಷಸ್ ಜೊತೆ ವ್ಯಾಪಾರ ಕಟ್ಟುವುದು ಹೇಗೆ? ಅಡಿಕೆ ಹಾಳೆ ತಟ್ಟೆ ಹಿಡಿದು ಒಂದೊಂದೇ ಹೆಜ್ಜೆ

ರಫ್ತು ಅಂದ ಕೂಡಲೇ ಅಮೆರಿಕ, ದುಬೈ, ಜರ್ಮನಿ ಅನ್ನುವವರೇ ಜಾಸ್ತಿ. ಮಾರಿಷಸ್ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಬಂದರೂ ಹನಿಮೂನ್ ಮಾತಿನಲ್ಲಿ, ಇಲ್ಲವೇ ಷೇರುಪೇಟೆಯ ಸುದ್ದಿಯಲ್ಲಿ. ದೇಶದ ವಿಸ್ತೀರ್ಣ ಸುಮಾರು 2,040 ಚದರ ಕಿಲೋಮೀಟರ್, ಅಂದರೆ ನಮ್ಮ ಕೊಡಗು ಜಿಲ್ಲೆಯ ಅರ್ಧ. ಜನಸಂಖ್ಯೆ ಸುಮಾರು 12.5 ಲಕ್ಷ. ಇಷ್ಟು ಪುಟ್ಟ ದೇಶಕ್ಕೆ ಏನು ಕಳಿಸುವುದು ಅಂತ ಅನ್ನಿಸುವುದು ಸಹಜ.

ಆದರೆ ಆಫ್ರಿಕಾದ ದೇಶವೊಂದರ ಜೊತೆ ಭಾರತ ಮಾಡಿಕೊಂಡ ಮೊದಲ ವ್ಯಾಪಾರ ಒಪ್ಪಂದ ಮಾರಿಷಸ್ ಜೊತೆಗಿನದೇ. 2021ರ ಫೆಬ್ರವರಿ 22ರಂದು ಅದರ ರಾಜಧಾನಿ ಪೋರ್ಟ್ ಲೂಯಿಯಲ್ಲಿ ಸಹಿ ಬಿತ್ತು, ಅದೇ ಏಪ್ರಿಲ್ 1ರಿಂದ ಜಾರಿಗೆ ಬಂತು. ಸಮಗ್ರ ಆರ್ಥಿಕ ಸಹಕಾರ ಮತ್ತು ಪಾಲುದಾರಿಕೆ ಒಪ್ಪಂದ ಅಂತ ಪೂರ್ತಿ ಹೆಸರು. ವ್ಯಾಪಾರದವರು ಸಿಇಸಿಪಿಎ ಅನ್ನುತ್ತಾರೆ. ಸಹಿ ಹಾಕುವುದು ಸರ್ಕಾರಗಳ ಕೆಲಸ. ಅದಕ್ಕೆ ಜೀವ ಬರುವುದು ಮಾತ್ರ ಸಣ್ಣ ತಯಾರಕರು, ರೈತ ಉತ್ಪಾದಕ ಕಂಪನಿಗಳು, ಮಹಿಳಾ ಸಂಘಗಳು ಅದನ್ನು ಬಳಸಿಕೊಂಡಾಗ. ಮೊದಲ ಸಲ ರಫ್ತು ಮಾಡಬೇಕು ಅಂತಿರುವ ಅಂಥವರಿಗಾಗಿಯೇ ಈ ಬರಹ.

ಉದಾಹರಣೆಗೆ ಅಡಿಕೆ ಹಾಳೆ ತಟ್ಟೆಯನ್ನು ತೆಗೆದುಕೊಂಡಿದ್ದೇನೆ. ಶಿವಮೊಗ್ಗ, ದಕ್ಷಿಣ ಕನ್ನಡ, ಉತ್ತರ ಕನ್ನಡದಲ್ಲಿ ಹಾಳೆ ತಟ್ಟೆ ಮಾಡುವವರು ತುಂಬಾ ಜನ ಇದ್ದಾರೆ. ನಿಮ್ಮದು ಊದುಬತ್ತಿಯಾಗಲಿ, ಮಸಾಲೆ ಪುಡಿಯಾಗಲಿ, ದಾರಿ ಹೆಚ್ಚುಕಡಿಮೆ ಇದೇ.

ಹೆಜ್ಜೆ 1: ಮೊದಲು ಅವರ ಕಡೆಯಿಂದ ನೋಡಿ

ಸಣ್ಣ ದೇಶ ದೊಡ್ಡ ದೇಶದ ಜೊತೆ ವ್ಯಾಪಾರ ಮಾಡುವಾಗ ಬೆಲೆಗಿಂತ ದೊಡ್ಡ ಚಿಂತೆ ಒಂದಿರುತ್ತದೆ. ನಾಳೆ ಸರಕು ಬರುತ್ತದೋ ಇಲ್ಲವೋ ಅನ್ನುವ ಚಿಂತೆ.

2023ರ ಜುಲೈನಲ್ಲಿ ಭಾರತ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ನಮ್ಮ ಮಾರುಕಟ್ಟೆಯಲ್ಲಿ ಬೆಲೆ ಏರಬಾರದು ಅನ್ನುವುದು ಉದ್ದೇಶ. ಇದರ ಬಿಸಿ ತಟ್ಟಿದ್ದು ಅನ್ನ ತಿನ್ನುವ, ಆದರೆ ಭತ್ತಕ್ಕೆ ಜಾಗವಿಲ್ಲದ ದ್ವೀಪಗಳಿಗೆ. ಆಗಸ್ಟ್ ಕೊನೆಯಲ್ಲಿ ಭೂತಾನ್, ಸಿಂಗಪುರ, ಮಾರಿಷಸ್‌ಗೆ ವಿಶೇಷ ಅನುಮತಿ ಸಿಕ್ಕಿತು. ಮಾರಿಷಸ್ ಪಾಲಿಗೆ ಬಂದದ್ದು 14,000 ಟನ್. ಆಮೇಲೆ ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತು ನಿಂತಾಗಲೂ ಹೀಗೇ ಆಯಿತು. ದೆಹಲಿಯಲ್ಲಿ ಒಂದು ಅಧಿಸೂಚನೆ ಹೊರಟರೆ ಪೋರ್ಟ್ ಲೂಯಿಯ ಅಡುಗೆಮನೆಗೆ ಅದು ಮುಟ್ಟುತ್ತದೆ.

ಅದಕ್ಕೇ ಅವರು ಒಬ್ಬರನ್ನೇ ನಂಬಿ ಕೂರುವುದಿಲ್ಲ. ಚೀನಾ ಜೊತೆಗಿನ ಅವರ ಒಪ್ಪಂದ 2021ರ ಜನವರಿ 1ರಿಂದಲೇ ಜಾರಿಯಲ್ಲಿದೆ. ಅಂದರೆ ನಮಗಿಂತ ಮೂರು ತಿಂಗಳು ಮೊದಲು. ಯುಎಇ ಜೊತೆಗೂ ಒಪ್ಪಂದವಿದೆ. ನೀವು ಕಳಿಸುವ ತಟ್ಟೆಗೆ ಅಲ್ಲಿ ಬೇರೆ ಕಡೆಯಿಂದ ಬಂದ ಕಬ್ಬಿನ ಸಿಪ್ಪೆಯ ತಟ್ಟೆ, ಕಾಗದದ ತಟ್ಟೆ ಪೈಪೋಟಿ ಕೊಡಬಹುದು ಅನ್ನುವುದು ಗೊತ್ತಿರಲಿ.

ಹಾಗಾದರೆ ಗೆಲ್ಲುವುದು ಹೇಗೆ? ನನ್ನ ಅನಿಸಿಕೆ ನೇರವಾಗಿ ಹೇಳುತ್ತೇನೆ. ಮಾರಿಷಸ್‌ನಂಥ ದೇಶದಲ್ಲಿ ಅಗ್ಗಕ್ಕೆ ಕೊಡುವವನಿಗಿಂತ ತಪ್ಪದೆ ಕೊಡುವವನೇ ಉಳಿಯುತ್ತಾನೆ. ಇದಕ್ಕೆ ದೊಡ್ಡ ಉದಾಹರಣೆ ನಮ್ಮ ಮಂಗಳೂರಿನಲ್ಲೇ ಇದೆ. 2007ರಿಂದ ಹಲವು ವರ್ಷ ಮಾರಿಷಸ್‌ಗೆ ಬೇಕಾದ ಪೆಟ್ರೋಲ್, ಡೀಸೆಲ್ ಹೋಗುತ್ತಿದ್ದದ್ದು ಇಲ್ಲಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್‌ನಿಂದ. ಮಾರಿಷಸ್ ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಜೊತೆ ಮೂರು ಮೂರು ವರ್ಷದ ಕರಾರು ಮಾಡಿಕೊಂಡು, ಮುಗಿದಾಗ ಮತ್ತೆ ಮತ್ತೆ ನವೀಕರಿಸುತ್ತಿದ್ದರು. ಒಂದು ಇಡೀ ದೇಶದ ಬಸ್ಸು, ಕಾರು ಮಂಗಳೂರಿನ ಎಣ್ಣೆಯಲ್ಲಿ ಓಡಿದವು ಅಂದರೆ ಸಣ್ಣ ಮಾತಾ? ನಿಮ್ಮ ತಟ್ಟೆಗೂ ಇದೇ ಲೆಕ್ಕ. ವರ್ಷಕ್ಕೆ ಎಷ್ಟು ಖಂಡಿತ ಕೊಡಬಲ್ಲೆ ಅನ್ನುವುದನ್ನು ಮೊದಲು ಬರೆದಿಟ್ಟುಕೊಳ್ಳಿ. ಅದರ ಮುಕ್ಕಾಲು ಪಾಲಿಗೆ ಮಾತ್ರ ಮಾತು ಕೊಡಿ.

ಹೆಜ್ಜೆ 2: ಸುಂಕ ಇದೆಯೋ ಇಲ್ಲವೋ ನೋಡಿ

ಒಪ್ಪಂದ ಆಗಿದೆ, ಇನ್ನು ಸುಂಕದ ಹಣ ಉಳಿತಾಯ ಆಗುತ್ತದೆ ಅಂತ ತುಂಬಾ ಜನ ಹೊರಡುತ್ತಾರೆ. ಸ್ವಲ್ಪ ನಿಲ್ಲಿ.

ಸಿಇಸಿಪಿಎ ಪ್ರಕಾರ ಭಾರತದ 310 ಬಗೆಯ ಸರಕಿಗೆ ಮಾರಿಷಸ್‌ನಲ್ಲಿ ರಿಯಾಯಿತಿ ಇದೆ. ಮಾರಿಷಸ್‌ನ 615 ಬಗೆಯ ಸರಕಿಗೆ ಭಾರತದಲ್ಲಿ ರಿಯಾಯಿತಿ ಇದೆ. ಆದರೆ ಮಾರಿಷಸ್ ತಾನಾಗಿಯೇ ಬಹುಪಾಲು ಸರಕಿನ ಮೇಲೆ ಆಮದು ಸುಂಕ ತೆಗೆದುಹಾಕಿದೆ. ಯಾವ ದೇಶದಿಂದ ಬಂದರೂ ಸುಂಕ ಸೊನ್ನೆ. ನಿಮ್ಮ ಸರಕು ಆ ಗುಂಪಿನಲ್ಲಿದ್ದರೆ ಒಪ್ಪಂದದ ಸರ್ಟಿಫಿಕೇಟ್‌ಗೆ ಓಡಾಡುವ ಅಗತ್ಯವೇ ಇಲ್ಲ. ಸುಂಕ ಇನ್ನೂ ಇರುವ ಸರಕಾದರೆ ಮಾತ್ರ ಆ ಕಾಗದಕ್ಕೆ ಬೆಲೆ.

ನೋಡುವ ಕ್ರಮ ಹೀಗಿದೆ. ಮೊದಲು ಸರಕಿನ ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್‌ನವರು ಸರಕನ್ನು ಗುರುತಿಸುವ ಅಂತಾರಾಷ್ಟ್ರೀಯ ಸಂಖ್ಯೆ, ಗೊತ್ತು ಮಾಡಿಕೊಳ್ಳಿ. ಆಮೇಲೆ ಆ ಕೋಡ್‌ಗೆ ಅಲ್ಲಿನ ತೆರಿಗೆ ಇಲಾಖೆಯಾದ ಮಾರಿಷಸ್ ರೆವೆನ್ಯೂ ಅಥಾರಿಟಿಯ ಸುಂಕದ ಪಟ್ಟಿಯಲ್ಲಿ ಸಾಮಾನ್ಯ ದರ ಎಷ್ಟಿದೆ ನೋಡಿ. ಸೊನ್ನೆ ಅಲ್ಲದಿದ್ದರೆ ಒಪ್ಪಂದದ ಪಟ್ಟಿ ತೆರೆಯಿರಿ. ನಿಮ್ಮ ಕೋಡ್ ಅದರಲ್ಲಿ ಇದ್ದರೆ, ಆ ಕೋಡ್‌ನ ಮುಂದೆ ಬರೆದ ಮೂಲದ ನಿಯಮ ಓದಿ. ಸರಕು ಪೂರ್ತಿ ಭಾರತದ್ದೇ ಆಗಿರಬೇಕೋ, ಹೊರಗಿನ ಕಚ್ಚಾವಸ್ತು ಬಳಸಿದರೆ ಇಲ್ಲಿ ಎಷ್ಟು ಕೆಲಸ ಆಗಿರಬೇಕೋ ಅಂತ ಅದರಲ್ಲಿರುತ್ತದೆ. ಹಾಳೆ ತಟ್ಟೆಗೆ ಈ ತಲೆನೋವಿಲ್ಲ. ಹಾಳೆ ತೋಟದ್ದು, ನೀರು ನಮ್ಮದು, ಒತ್ತುವ ಯಂತ್ರ ಎಲ್ಲಿಯದಾದರೂ ಲೆಕ್ಕಕ್ಕಿಲ್ಲ.

ಆದರೆ ಹಾಳೆ ತಟ್ಟೆಯ ಕೋಡ್ ವಿಷಯದಲ್ಲಿ ಗೊಂದಲ ಇದೆ. ಒಬ್ಬರು ಸಸ್ಯಜನ್ಯ ವಸ್ತು ಅನ್ನುತ್ತಾರೆ, ಇನ್ನೊಬ್ಬರು ಹೆಣೆದ ವಸ್ತುಗಳ ಗುಂಪಿಗೆ ಹಾಕುತ್ತಾರೆ. ನೀವು ಇಲ್ಲಿ ಒಂದು ಕೋಡ್ ಬರೆದು, ಅಲ್ಲಿ ಆಮದುದಾರ ಇನ್ನೊಂದು ಬರೆದರೆ ಪೆಟ್ಟಿಗೆಗಳು ಬಂದರಿನಲ್ಲೇ ಕೂರುತ್ತವೆ. ದಿನಕ್ಕಿಷ್ಟು ಅಂತ ಬಾಡಿಗೆ ಏರುತ್ತದೆ. ಸರಕು ಹೊರಡುವ ಮೊದಲೇ ನಿಮ್ಮ ಕಸ್ಟಮ್ಸ್ ಏಜೆಂಟ್ ಮತ್ತು ಅಲ್ಲಿನ ಏಜೆಂಟ್ ಇಬ್ಬರೂ ಒಂದೇ ಕೋಡ್‌ಗೆ ಒಪ್ಪಿ ಮೇಲ್‌ನಲ್ಲಿ ಬರೆದುಕೊಳ್ಳಲಿ.

ಸುಂಕ ಸೊನ್ನೆ ಇದ್ದರೂ ಮಾರಿಷಸ್‌ನಲ್ಲಿ ಶೇ 15 ವ್ಯಾಟ್ ಇದೆ. ಕಟ್ಟುವವನು ಆಮದುದಾರ. ಆದರೆ ಅಂಗಡಿಯಲ್ಲಿ ತಟ್ಟೆಯ ಬೆಲೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ.

ಹೆಜ್ಜೆ 3: ಅಲ್ಲಿನ ನಿಯಮಕ್ಕೆ ನಿಮ್ಮ ಸರಕು ಹೊಂದುತ್ತದೆಯೇ?

ಹಾಳೆ ತಟ್ಟೆಗೆ ಮಾರಿಷಸ್ ಯಾಕೆ ಒಳ್ಳೆಯ ಜಾಗ ಅಂದರೆ, ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಚಮಚ, ಲೋಟಗಳನ್ನು ಅಲ್ಲಿ 2021ರ ಜನವರಿಯಿಂದ ನಿಷೇಧಿಸಿದ್ದಾರೆ. ಸುತ್ತ ಸಮುದ್ರ ಇರುವ ದೇಶಕ್ಕೆ ಕಸ ಎಲ್ಲಿ ಹಾಕುವುದು ಅನ್ನುವುದೇ ದೊಡ್ಡ ಪ್ರಶ್ನೆ. ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬರುತ್ತಾರೆ, ಅಂದರೆ ಜನಸಂಖ್ಯೆಗಿಂತ ಜಾಸ್ತಿ. ಹೋಟೆಲ್‌ಗಳಿಗೆ ಬದಲಿ ತಟ್ಟೆ ಬೇಕೇ ಬೇಕು.

ಹಾಗಂತ ನೈಸರ್ಗಿಕ ಅಂದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆ ತಟ್ಟೆಗಳ ಆಮದಿನ ಮೇಲೆ ಎಚ್ಚರಿಕೆ ಹೊರಡಿಸಿತು. ಅಡಿಕೆಯಲ್ಲಿರುವ ಕೆಲವು ರಾಸಾಯನಿಕಗಳು ಊಟಕ್ಕೆ ಇಳಿಯಬಹುದು ಅನ್ನುವುದು ಅವರ ಆತಂಕ. ಅಮೆರಿಕವನ್ನೇ ನಂಬಿದ್ದ ನಮ್ಮ ಮಲೆನಾಡು, ಕರಾವಳಿಯ ಘಟಕಗಳಿಗೆ ದೊಡ್ಡ ಪೆಟ್ಟು ಬಿತ್ತು. ಈ ವಿಷಯವನ್ನು ಮಾರಿಷಸ್ ಗ್ರಾಹಕನಿಂದ ಮುಚ್ಚಿಡಬೇಡಿ. ಅವನೂ ಅಂತರ್ಜಾಲ ನೋಡುತ್ತಾನೆ. ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಆಹಾರ ಸಂಪರ್ಕದ ಪರೀಕ್ಷೆ ಮಾಡಿಸಿ. ಅಡಿಕೆಯಲ್ಲಿರುವ ಆ ರಾಸಾಯನಿಕಗಳನ್ನೂ (ಆಲ್ಕಲಾಯ್ಡ್‌) ನೋಡಿ ಅಂತ ಲ್ಯಾಬ್‌ನವರಿಗೆ ಬರೆದು ತಿಳಿಸಿ. ವರದಿ ಬಂದ ಮೇಲೆ ಅದನ್ನು ಗ್ರಾಹಕನಿಗೆ ನೀವೇ ಮೊದಲು ಕಳಿಸಿ, ಅಲ್ಲಿನ ಆರೋಗ್ಯ ಇಲಾಖೆ ಒಪ್ಪುತ್ತದೆಯೇ ಅಂತ ಲಿಖಿತವಾಗಿ ಕೇಳಿಸಿ. ಒಪ್ಪಿಗೆ ಬರುವ ತನಕ ಕಂಟೇನರ್ ಮಾತು ಬೇಡ. ಜನ ಊಟ ಮಾಡುವ ತಟ್ಟೆ ಅಲ್ವಾ, ಇಲ್ಲಿ ಅವಸರ ಸಲ್ಲದು.

ಪ್ಯಾಕಿಂಗ್ ವಿಷಯವನ್ನೂ ಕೇಳಿಕೊಳ್ಳಿ. ಪ್ಲಾಸ್ಟಿಕ್ ನಿಷೇಧದ ದೇಶಕ್ಕೆ ಹಾಳೆ ತಟ್ಟೆ ಕಳಿಸಿ, ಅದರ ಸುತ್ತ ತೆಳು ಪ್ಲಾಸ್ಟಿಕ್ ಸುತ್ತಿದರೆ ಹೋಟೆಲ್‌ನವರು ಇಷ್ಟಪಡುವುದಿಲ್ಲ. ಕಾಗದದ ಪಟ್ಟಿ ಸುತ್ತಿ ಕೊಡಿ ಅಂತ ಕೇಳುವವರೇ ಜಾಸ್ತಿ. ಲೇಬಲ್ ಇಂಗ್ಲಿಷ್‌ನಲ್ಲಿ ಇದ್ದರೆ ಸಾಕು. ಜೊತೆಗೆ ಫ್ರೆಂಚ್‌ನಲ್ಲೂ ಎರಡು ಸಾಲು ಇದ್ದರೆ ಒಳ್ಳೆಯದು, ಅಲ್ಲಿನ ಅಂಗಡಿಗಳಲ್ಲಿ ಫ್ರೆಂಚ್ ಬಳಕೆ ಜೋರಾಗಿದೆ.

ಹೆಜ್ಜೆ 4: ಕಾಗದಪತ್ರ

ಇದನ್ನು ಬೇಗ ಮುಗಿಸೋಣ, ಇದರಲ್ಲಿ ಹೆದರುವಂಥದ್ದು ಕಡಿಮೆ.

ವಿದೇಶಿ ವ್ಯಾಪಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಡಿಜಿಎಫ್‌ಟಿ ಜಾಲತಾಣದಲ್ಲಿ ಐಇಸಿ, ಅಂದರೆ ಆಮದು-ರಫ್ತುದಾರರ ಸಂಖ್ಯೆ ತೆಗೆದುಕೊಳ್ಳಿ. ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಅಪ್‌ಡೇಟ್ ಮಾಡಬೇಕು, ಬದಲಾವಣೆ ಏನೂ ಇಲ್ಲದಿದ್ದರೂ ಸರಿ. ಮರೆತರೆ ಸಂಖ್ಯೆ ನಿಷ್ಕ್ರಿಯ ಆಗುತ್ತದೆ, ಅದು ನಿಮಗೆ ಗೊತ್ತಾಗುವುದು ಲಾರಿ ಬಂದರಿನ ಮುಂದೆ ನಿಂತಾಗ. ಬ್ಯಾಂಕಿನಿಂದ ಎಡಿ ಕೋಡ್ (ವಿದೇಶಿ ವಿನಿಮಯ ನಡೆಸುವ ಬ್ಯಾಂಕ್ ಶಾಖೆಯ ಸಂಖ್ಯೆ) ಪತ್ರ ಪಡೆದು ಕಸ್ಟಮ್ಸ್‌ನ ಜಾಲತಾಣ ಐಸ್‌ಗೇಟ್‌ನಲ್ಲಿ ನೋಂದಾಯಿಸಿ. ಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಕೊಡಬೇಕು, ಫಾರಂ ಆರ್‌ಎಫ್‌ಡಿ-11. ಇದು ಆಯಾ ಹಣಕಾಸು ವರ್ಷಕ್ಕೆ ಮಾತ್ರ ನಡೆಯುತ್ತದೆ. ಏಪ್ರಿಲ್ ಬಂತು ಅಂದರೆ ಹೊಸದು ಹಾಕಿ. ನಿಮ್ಮ ಸರಕಿಗೆ ಯಾವ ರಫ್ತು ಮಂಡಳಿ ಅಂತ ಗೊತ್ತಾಗದಿದ್ದರೆ ರಫ್ತುದಾರರ ಒಕ್ಕೂಟವಾದ ಫಿಯೊ ಕಚೇರಿಯಲ್ಲಿ ವಿಚಾರಿಸಿ.

ಹಾಳೆ ಸಸ್ಯದ ವಸ್ತು. ಅದಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ, ಅಂದರೆ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಕೇಳಬಹುದು. ನಿಮ್ಮ ಸರಕಿಗೆ ಬೇಕೋ ಬೇಡವೋ ಅನ್ನುವುದನ್ನು ಆಮದುದಾರ ಅಲ್ಲಿನ ಕೃಷಿ ಇಲಾಖೆಯಲ್ಲಿ ಕೇಳಿ ತಿಳಿಸಲಿ. ಬೇಕು ಅಂದರೆ ಬೆಂಗಳೂರು, ಮಂಗಳೂರಿನ ಸಸ್ಯ ಸಂಪರ್ಕತಡೆ ಕಚೇರಿಗಳಲ್ಲಿ ಸಿಗುತ್ತದೆ. ಮರದ ಪ್ಯಾಲೆಟ್ ಬಳಸಿದರೆ ಅದರ ಮೇಲೆ ಐಎಸ್‌ಪಿಎಂ-15 ಮುದ್ರೆ, ಅಂದರೆ ಮರಕ್ಕೆ ಕೀಟ ಹತ್ತದಂತೆ ಸಂಸ್ಕರಿಸಿದ ಗುರುತು ಇರಲಿ. ಸಿಇಸಿಪಿಎ ರಿಯಾಯಿತಿ ಬೇಕಾದರೆ ಮೂಲದ ಪ್ರಮಾಣಪತ್ರಕ್ಕೆ ಡಿಜಿಎಫ್‌ಟಿಯ ಆನ್‌ಲೈನ್ ವ್ಯವಸ್ಥೆಯಲ್ಲೇ ಅರ್ಜಿ ಹಾಕಬೇಕು.

ಹೆಜ್ಜೆ 5: ಗ್ರಾಹಕನನ್ನು ಹುಡುಕುವುದು

ಮಾರಿಷಸ್‌ನಲ್ಲಿ ದೊಡ್ಡ ಆಮದುದಾರರು ಕೈಬೆರಳಲ್ಲಿ ಎಣಿಸುವಷ್ಟು. ಎಲ್ಲರಿಗೂ ಎಲ್ಲರೂ ಗೊತ್ತು. ಒಬ್ಬರಿಗೆ ಒಂದು ಬೆಲೆ, ಪಕ್ಕದವರಿಗೆ ಇನ್ನೊಂದು ಬೆಲೆ ಹೇಳಿದರೆ ಸಂಜೆಯೊಳಗೆ ಸುದ್ದಿ ಮುಟ್ಟಿರುತ್ತದೆ. ಹೀಗಾಗಿ ಮೊದಲ ಮೇಲ್ ಕಳಿಸುವ ಮುಂಚೆಯೇ ಬೆಲೆ ಪಟ್ಟಿ ಗಟ್ಟಿ ಮಾಡಿಕೊಳ್ಳಿ.

ಎಲ್ಲಿ ಕೇಳಬೇಕು? ಮಾರಿಷಸ್ ಸರ್ಕಾರದ ಎಕನಾಮಿಕ್ ಡೆವಲಪ್‌ಮೆಂಟ್ ಬೋರ್ಡ್ ಇದೆ. ವ್ಯಾಪಾರ, ಹೂಡಿಕೆ ಎರಡನ್ನೂ ಅದೇ ನೋಡಿಕೊಳ್ಳುತ್ತದೆ. ಪೋರ್ಟ್ ಲೂಯಿಯ ಭಾರತೀಯ ಹೈಕಮಿಷನ್‌ನಲ್ಲಿ ವ್ಯಾಪಾರ ವಿಭಾಗ ಇದೆ. ಅವರಿಗೆ ಬರೆಯುವಾಗ ಸುಮ್ನೆ ಗ್ರಾಹಕರ ಪಟ್ಟಿ ಕೊಡಿ ಅನ್ನಬೇಡಿ. ಸರಕಿನ ಫೋಟೊ, ಅಳತೆ, ತಿಂಗಳಿಗೆ ಎಷ್ಟು ಕೊಡಬಲ್ಲಿರಿ, ಪರೀಕ್ಷಾ ವರದಿ ಎಲ್ಲ ಒಂದೇ ಪುಟದಲ್ಲಿ ಹಾಕಿ. ಉತ್ತರ ಬರುವ ಸಾಧ್ಯತೆ ಆಗ ಹೆಚ್ಚು.

ಅಲ್ಲಿನ ಜನಜೀವನ ತಿಳಿದುಕೊಂಡರೆ ಮಾರಾಟಕ್ಕೆ ದಾರಿ ತಾನೇ ಕಾಣುತ್ತದೆ. 1834ರಿಂದ ಕಬ್ಬಿನ ಗದ್ದೆಗಳಿಗೆ ಭಾರತದಿಂದ ಕೂಲಿಯವರನ್ನು ಹಡಗಿನಲ್ಲಿ ಕರೆದೊಯ್ದರು. ಅವರು ಇಳಿದ ಆಪ್ರವಾಸಿ ಘಾಟ್ ಈಗ ವಿಶ್ವ ಪರಂಪರೆಯ ತಾಣ. ಇಂದಿನ ಜನರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಭಾರತೀಯ ಮೂಲದವರು. ಯುಗಾದಿ, ಗಣೇಶ ಚತುರ್ಥಿ, ದೀಪಾವಳಿಗೆ ಅಲ್ಲಿ ಸಾರ್ವಜನಿಕ ರಜೆ. ಮದುವೆ ಮನೆಗಳಲ್ಲಿ ಏಳು ಬಗೆಯ ಪಲ್ಯ ಸಾರುಗಳನ್ನು ಬಾಳೆಲೆ ಮೇಲೆ ಬಡಿಸುವ ರೂಢಿ ಇದೆ. ಮಹಾಶಿವರಾತ್ರಿಗೆ ಲಕ್ಷಾಂತರ ಜನ ಕಾಲ್ನಡಿಗೆಯಲ್ಲಿ ಗಂಗಾ ತಲಾವ್ ಕೆರೆಗೆ ಹೋಗುತ್ತಾರೆ. ದಾರಿಯುದ್ದಕ್ಕೂ ಊರವರು ಅವರಿಗೆ ತಿಂಡಿ, ಪಾನಕ ಕೊಡುತ್ತಾರೆ. ಈ ಜನಕ್ಕೆ ಎಲೆಯ ಮೇಲೆ ಊಟ ಅಂದರೆ ಏನು ಅಂತ ನೀವು ವಿವರಿಸಬೇಕಿಲ್ಲ. ಹೋಟೆಲ್‌ಗಳ ಹಿಂದೆ ಮಾತ್ರ ಓಡುವ ರಫ್ತುದಾರರು ಈ ದೊಡ್ಡ ಗಿರಾಕಿಯನ್ನು ಬಿಟ್ಟುಬಿಡುತ್ತಾರೆ.

ಸಣ್ಣ ಮಾರುಕಟ್ಟೆಯಲ್ಲಿ ಆಮದುದಾರ ಮೊದಲು ಕೇಳುವುದು, ದೇಶಕ್ಕೆಲ್ಲ ನನಗೊಬ್ಬನಿಗೇ ಕೊಡಿ ಅಂತ. ಇದರಲ್ಲಿ ತಪ್ಪಿಲ್ಲ. ಅವನು ಗೋದಾಮು ಹಿಡಿಯಬೇಕು, ಹೋಟೆಲ್‌ಗಳಿಗೆ ಓಡಾಡಬೇಕು. ನಾಳೆ ನೀವು ಪಕ್ಕದವನಿಗೂ ಕೊಟ್ಟರೆ ಅವನ ಶ್ರಮ ನೀರಿನಲ್ಲಿ ಹೋಮ. ಆದರೆ ಬರೀ ಬಾಯಿಮಾತಿನಲ್ಲಿ ಒಪ್ಪಬೇಡಿ. ಒಂದು ವರ್ಷಕ್ಕೆ ಮಾತ್ರ, ಇಷ್ಟು ಪೆಟ್ಟಿಗೆ ತೆಗೆದುಕೊಂಡರೆ ಮಾತ್ರ ಅಂತ ಬರೆದು ಕೊಡಿ. ಆ ಗುರಿ ಮುಟ್ಟದಿದ್ದರೆ ಒಪ್ಪಂದ ತಾನೇ ಬಿಟ್ಟುಹೋಗಲಿ.

ಹೆಜ್ಜೆ 6: ಬೆಲೆ, ಹಣ

ಮಾರಿಷಸ್‌ನ ಹಣವೂ ರೂಪಾಯಿಯೇ, ಆದರೆ ಅದರ ಬೆಲೆ ನಮ್ಮ ರೂಪಾಯಿಗಿಂತ ಜಾಸ್ತಿ. ಬೆಲೆ ಪಟ್ಟಿಯಲ್ಲಿ ಬರೀ ರೂಪಾಯಿ ಅಂತ ಬರೆದರೆ ಜಗಳಕ್ಕೆ ನೀವೇ ಬೀಜ ಬಿತ್ತಿದ ಹಾಗೆ. ಡಾಲರೋ, ಭಾರತದ ರೂಪಾಯಿಯೋ, ಮಾರಿಷಸ್ ರೂಪಾಯಿಯೋ ಅಂತ ಪ್ರತಿ ಸಾಲಿನಲ್ಲೂ ಇರಲಿ.

ಭಾರತದ ರೂಪಾಯಿಯಲ್ಲೇ ವ್ಯವಹಾರ ಮಾಡುವುದಕ್ಕೂ ಈಗ ದಾರಿ ಇದೆ. 2022ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ವಿಶೇಷ ರೂಪಾಯಿ ವೋಸ್ಟ್ರೊ ಖಾತೆಗಳಿಗೆ, ಅಂದರೆ ವಿದೇಶಿ ಬ್ಯಾಂಕು ನಮ್ಮ ಬ್ಯಾಂಕಿನಲ್ಲಿ ರೂಪಾಯಿಯಲ್ಲಿ ಇಡುವ ಖಾತೆಗಳಿಗೆ ಅವಕಾಶ ಕೊಟ್ಟಿತು. 2025ರ ಮಾರ್ಚ್‌ನಲ್ಲಿ ಸ್ಥಳೀಯ ಹಣದಲ್ಲಿ ವ್ಯವಹಾರ ನಡೆಸುವ ಬಗ್ಗೆ ರಿಸರ್ವ್ ಬ್ಯಾಂಕ್ ಮತ್ತು ಬ್ಯಾಂಕ್ ಆಫ್ ಮಾರಿಷಸ್ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದವು. ಆದರೆ ನಿಮ್ಮ ಊರಿನ ಶಾಖೆಗೆ ಇದರ ಅನುಭವ ಇಲ್ಲದೆ ಇರಬಹುದು. ಮೊದಲ ಎರಡು ಸರಕು ಡಾಲರ್‌ನಲ್ಲೇ ಹೋಗಲಿ, ಆಮೇಲೆ ರೂಪಾಯಿ ಪ್ರಯತ್ನಿಸಿ ಅನ್ನುವುದು ನನ್ನ ಸಲಹೆ.

ಹೊಸ ಗ್ರಾಹಕನಿಂದ ಸ್ವಲ್ಪ ಮುಂಗಡ ತೆಗೆದುಕೊಳ್ಳಿ, ಉಳಿದದ್ದು ಅವನು ಬ್ಯಾಂಕ್ ಮೂಲಕ ಸರಕಿನ ಕಾಗದಪತ್ರ ಬಿಡಿಸಿಕೊಳ್ಳುವಾಗ. ಮೊತ್ತ ದೊಡ್ಡದಾದರೆ ಎಲ್‌ಸಿ, ಅಂದರೆ ಅವನ ಬ್ಯಾಂಕು ಹಣಕ್ಕೆ ಖಾತ್ರಿ ಕೊಡುವ ಪತ್ರ ಕೇಳಿ. ಎಲ್‌ಸಿ ಕೈಗೆ ಬಂದಾಗ ಹೆಸರು, ಅಳತೆ, ಹಡಗು ಹೊರಡುವ ಕೊನೆಯ ದಿನ ಇವುಗಳನ್ನು ಅಕ್ಷರ ಅಕ್ಷರ ಓದಿ. ಇನ್‌ವಾಯ್ಸ್‌ನಲ್ಲಿ ಒಂದು ಪದ ಬೇರೆ ಇದ್ದರೂ ಬ್ಯಾಂಕು ಹಣ ತಡೆಯಬಹುದು. ಸಾಲದ ಮೇಲೆ ಕೊಡುವ ಹಂತಕ್ಕೆ ಬಂದಾಗ ಇಸಿಜಿಸಿ ವಿಮೆ, ಅಂದರೆ ಗ್ರಾಹಕ ಹಣ ಕೊಡದಿದ್ದರೆ ನಷ್ಟ ತುಂಬಿಕೊಡುವ ಸರ್ಕಾರಿ ಕಂಪನಿಯ ವಿಮೆ ಮಾಡಿಸಿ. ಪ್ರೀಮಿಯಂ ದಂಡ ಅಂತ ಅನ್ನಿಸಿದರೂ ಮಾಡಿಸಿ.

ಹೆಜ್ಜೆ 7: ಪೆಟ್ಟಿಗೆ, ಹಡಗು, ಮಳೆ, ಚಂಡಮಾರುತ

ಹಾಳೆ ತಟ್ಟೆ ಹಗುರ, ಆದರೆ ಜಾಗ ತಿನ್ನುತ್ತದೆ. ಹಡಗಿನ ಬಾಡಿಗೆ ನಿಮಗೆ ಬೀಳುವುದು ತೂಕಕ್ಕಲ್ಲ, ಜಾಗಕ್ಕೆ. ಒಂದು ಲೆಕ್ಕ ನೋಡಿ. ನಿಮ್ಮ ಪೆಟ್ಟಿಗೆ 60 ಸೆಂ.ಮೀ. ಉದ್ದ, 40 ಅಗಲ, 50 ಎತ್ತರ ಅಂತ ಇಟ್ಟುಕೊಳ್ಳಿ. ಅದು 0.12 ಘನ ಮೀಟರ್. 20 ಅಡಿ ಕಂಟೇನರ್‌ನಲ್ಲಿ ನಿಜವಾಗಿ ತುಂಬಬಹುದಾದ ಜಾಗ ಸುಮಾರು 28 ಘನ ಮೀಟರ್. ಅಂದರೆ 230 ಪೆಟ್ಟಿಗೆ ಹಿಡಿಯುತ್ತದೆ. ಒಂದು ಪೆಟ್ಟಿಗೆಯಲ್ಲಿ 400 ತಟ್ಟೆ ಇದ್ದರೆ 92,000 ತಟ್ಟೆ ಆಯಿತು. ಅದೇ ತಟ್ಟೆಗಳು ಒಂದರೊಳಗೊಂದು ಸರಿಯಾಗಿ ಕೂತು 500 ಹಿಡಿದರೆ 1,15,000. ಬಾಡಿಗೆ ಅಷ್ಟೇ, ಆದರೆ ಒಂದು ತಟ್ಟೆಗೆ ಬೀಳುವ ಬಾಡಿಗೆ ಐದರಲ್ಲಿ ಒಂದು ಪಾಲು ಇಳಿಯಿತು. ಅಚ್ಚಿನ ಅಂಚು ಸ್ವಲ್ಪ ಹೊರಕ್ಕೆ ಬಾಗಿದ್ದರೆ ತಟ್ಟೆಗಳು ಚೆನ್ನಾಗಿ ಕೂರುತ್ತವೆ. ಹೊಸ ಅಚ್ಚು ಮಾಡಿಸುವವರು ಇದನ್ನು ಮೊದಲೇ ಹೇಳಿ ಮಾಡಿಸಿಕೊಳ್ಳಿ.

ಪೂರ್ತಿ ಕಂಟೇನರ್ ತುಂಬುವಷ್ಟು ಸರಕು ಮೊದಲಿಗೆ ಇರುವುದಿಲ್ಲ. ಆಗ ಎಲ್‌ಸಿಎಲ್, ಅಂದರೆ ಬೇರೆಯವರ ಸರಕಿನ ಜೊತೆ ಕಳಿಸಬೇಕು. ಬೆಂಗಳೂರು ಕಡೆಯವರು ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋದಿಂದ ಚೆನ್ನೈಗೆ ಕಳಿಸಬಹುದು. ಕರಾವಳಿಯವರು ನವಮಂಗಳೂರು ಬಂದರಿನಿಂದ, ನಡುವೆ ಇನ್ನೊಂದು ಬಂದರಿನಲ್ಲಿ ಹಡಗು ಬದಲಾಯಿಸಿ ಕಳಿಸಬಹುದು. ಅಗ್ಗದ ಬಾಡಿಗೆ ಹೇಳಿದ ಏಜೆಂಟ್‌ಗೆ ಎರಡು ಪ್ರಶ್ನೆ ಕೇಳಿ. ನಡುವಿನ ಬಂದರಿನಲ್ಲಿ ಸರಕು ಎಷ್ಟು ದಿನ ಕೂರುತ್ತದೆ? ಪೋರ್ಟ್ ಲೂಯಿಯಲ್ಲಿ ಇಳಿಸುವ ಖರ್ಚು ಯಾರದು? ಈ ಎರಡನೆಯ ಖರ್ಚೇ ಆಮದುದಾರನ ಜೊತೆ ಮನಸ್ತಾಪಕ್ಕೆ ಕಾರಣ ಆಗುವುದು ಜಾಸ್ತಿ.

ಹಾಳೆಯ ನಿಜವಾದ ಶತ್ರು ತೇವ. ಹಗಲು ಬಿಸಿಲು, ರಾತ್ರಿ ತಂಪು ಆದಾಗ ಕಬ್ಬಿಣದ ಕಂಟೇನರ್‌ನ ಮಾಳಿಗೆಯಲ್ಲಿ ನೀರ ಹನಿ ಕಟ್ಟಿ ಕೆಳಗಿನ ಪೆಟ್ಟಿಗೆಗಳ ಮೇಲೆ ತೊಟ್ಟಿಕ್ಕುತ್ತದೆ. ಬೂದುಬಣ್ಣದ ಬೂಷ್ಟು ಒಂದು ತಟ್ಟೆಗೆ ಬಂದರೆ ಪಕ್ಕದ ಹತ್ತಕ್ಕೆ ಹರಡುತ್ತದೆ. ಒತ್ತಿದ ತಟ್ಟೆಯನ್ನು ಬಿಸಿ ಗಾಳಿಯಲ್ಲಿ ಒಣಗಿಸಿ, ತೇವಾಂಶ ಅಳೆಯುವ ಮೀಟರ್ ಇಟ್ಟು ಪ್ರತಿ ರಾಶಿಯಿಂದ ನಾಲ್ಕೈದು ತಟ್ಟೆ ಪರೀಕ್ಷಿಸಿ. ಪೂರ್ತಿ ಆರಿದ ಮೇಲೇ ಪೆಟ್ಟಿಗೆ ಮುಚ್ಚಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೇ ಬೆವರುತ್ತದೆ. ಕಂಟೇನರ್ ಒಳಗೆ ತೇವ ಹೀರುವ ಚೀಲಗಳನ್ನು ತೂಗುಹಾಕಿಸಿ. ಗಂಧಕದ ಹೊಗೆ ಕೊಟ್ಟು ಬೂಷ್ಟು ತಡೆಯುವವರೂ ಇದ್ದಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ, ಊಟದ ತಟ್ಟೆಯಲ್ಲಿ ಅದರ ವಾಸನೆಯೂ ಇರಬಾರದು.

ಇನ್ನು ಕಾಲದ ಲೆಕ್ಕ. ಮಾರಿಷಸ್ ಭೂಮಧ್ಯರೇಖೆಯ ಕೆಳಗಿದೆ, ನಮ್ಮ ಮಳೆಗಾಲ ಅವರ ಚಳಿಗಾಲ. ಅಲ್ಲಿ ಚಂಡಮಾರುತದ ಕಾಲ ನವೆಂಬರ್‌ನಿಂದ ಮೇ ಮಧ್ಯದ ತನಕ. ಎಚ್ಚರಿಕೆ ಬಂದರೆ ಬಂದರಿನ ಕೆಲಸವೇ ನಿಂತುಹೋಗುತ್ತದೆ. 2024ರ ಜನವರಿಯಲ್ಲಿ ಬೆಲಾಲ್ ಚಂಡಮಾರುತ ಬಂದಾಗ ಪೋರ್ಟ್ ಲೂಯಿಯ ಬೀದಿಗಳಲ್ಲಿ ಕಾರುಗಳು ತೇಲಿದ್ದವು. ಇತ್ತ ನಮ್ಮಲ್ಲಿ ಹಾಳೆ ಒಳ್ಳೆಯದಾಗಿ ಸಿಗುವುದು, ಒಣಗುವುದು ಬೇಸಿಗೆಯಲ್ಲಿ. ಎರಡನ್ನೂ ಹೊಂದಿಸಿದರೆ ಹೀಗಾಗುತ್ತದೆ. ಬೇಸಿಗೆಯಲ್ಲಿ ಹಾಳೆ ಕೂಡಿಹಾಕಿ, ಮಳೆ ಹಿಡಿಯುವ ಮೊದಲು ಒಣ ಗೋದಾಮು ತುಂಬಿಸಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ದೊಡ್ಡ ಸರಕು ಹೊರಡಲಿ. ಚಂಡಮಾರುತ ಶುರುವಾಗುವ ಮೊದಲೇ ಅದು ಅಲ್ಲಿನ ಗೋದಾಮಿನಲ್ಲಿರುತ್ತದೆ. ದೀಪಾವಳಿಗೆ, ವರ್ಷದ ಕೊನೆಯ ಪ್ರವಾಸಿ ಜಾತ್ರೆಗೆ, ಮುಂದಿನ ಶಿವರಾತ್ರಿಗೆ ಎಲ್ಲಕ್ಕೂ ಆಗುತ್ತದೆ. ಈ ಯೋಜನೆಯನ್ನು ಒಂದು ಹಾಳೆಯಲ್ಲಿ ಬರೆದು ಗ್ರಾಹಕನಿಗೆ ಕಳಿಸಿ ನೋಡಿ. ಬೆಲೆ ಚೌಕಾಸಿ ಅರ್ಧಕ್ಕರ್ಧ ಕಡಿಮೆ ಆಗುತ್ತದೆ.

ಹೆಜ್ಜೆ 8: ಅವರಿಂದಲೂ ಏನಾದರೂ ಕೊಳ್ಳಿ

ದೊಡ್ಡ ದೇಶ ಕಳಿಸುತ್ತಲೇ ಇದ್ದು, ಸಣ್ಣ ದೇಶ ಕೊಳ್ಳುತ್ತಲೇ ಇದ್ದರೆ ಆ ಸಂಬಂಧ ಹೆಚ್ಚು ದಿನ ಬಾಳುವುದಿಲ್ಲ. ಮಾರಿಷಸ್‌ನಲ್ಲಿ ಕಬ್ಬಿನಿಂದ ಮಾಡುವ ವಿಶೇಷ ಸಕ್ಕರೆಗಳಿವೆ, ಬೇಕರಿಯವರು ಹುಡುಕುವ ಕಂದು ಸಕ್ಕರೆ ಅದು. ಮೀನು, ಉಡುಪು, ರಮ್, ವೈದ್ಯಕೀಯ ಉಪಕರಣಗಳೂ ಇವೆ. ಇವೆಲ್ಲ ಒಪ್ಪಂದದ ಪಟ್ಟಿಯಲ್ಲಿವೆ, ಕೆಲವಕ್ಕೆ ಮಾತ್ರ ವರ್ಷಕ್ಕಿಷ್ಟೇ ಅನ್ನುವ ಮಿತಿ ಇದೆ.

ತರಿಸುವವರು ಒಂದು ನಿಯಮ ತಿಳಿದಿರಬೇಕು. 2020ರ ಸೆಪ್ಟೆಂಬರ್‌ನಿಂದ ಕ್ಯಾರೊಟಾರ್ ಎಂಬ ಕಸ್ಟಮ್ಸ್ ನಿಯಮ ಜಾರಿಯಲ್ಲಿದೆ. ಒಪ್ಪಂದದ ರಿಯಾಯಿತಿ ಕೇಳುವ ಆಮದುದಾರ, ಸರಕು ನಿಜವಾಗಿ ಅಲ್ಲಿಯದೇ ಅನ್ನುವ ವಿವರಗಳನ್ನು ತನ್ನ ಬಳಿ ಇಟ್ಟುಕೊಂಡಿರಬೇಕು. ಬೇರೆ ದೇಶದ ಮಾಲು ಮಾರಿಷಸ್ ಹೆಸರಿನಲ್ಲಿ ಒಳಗೆ ಬರಬಾರದು ಅಂತ ಇದು. ತಯಾರಿಕೆಯ ವಿವರವನ್ನು ಅಲ್ಲಿನ ಕಾರ್ಖಾನೆಯಿಂದ ಮೊದಲೇ ಬರೆಸಿಕೊಳ್ಳಿ, ಐದು ವರ್ಷ ಜೋಪಾನ ಮಾಡಿ.

ಹೆಜ್ಜೆ 9: ಸೇವೆ, ಹೂಡಿಕೆ

ನನ್ನ ಪ್ರಕಾರ ಈ ಒಪ್ಪಂದದಲ್ಲಿ ನಮ್ಮವರಿಗೆ ದೊಡ್ಡ ಅವಕಾಶ ಇರುವುದು ಸೇವೆಗಳಲ್ಲಿ. 11 ವಲಯಗಳ ಸುಮಾರು 115 ಉಪವಲಯಗಳನ್ನು ಮಾರಿಷಸ್ ನಮಗೆ ತೆರೆದಿದೆ. ಸಾಫ್ಟ್‌ವೇರ್, ವಿನ್ಯಾಸ, ಶಿಕ್ಷಣ, ಆರೋಗ್ಯ, ಪ್ರವಾಸ ಎಲ್ಲ ಅದರಲ್ಲಿ ಬರುತ್ತವೆ. ಬೆಂಗಳೂರಿನ ಸಣ್ಣ ಐಟಿ ಕಂಪನಿಗೆ ಕಂಟೇನರ್ ಚಿಂತೆಯೂ ಇಲ್ಲ, ಚಂಡಮಾರುತದ ಚಿಂತೆಯೂ ಇಲ್ಲ. ಸಮಯದ ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೇ.

ಮಾರಿಷಸ್‌ನಲ್ಲೇ ಕಂಪನಿ ತೆರೆಯುವ ಯೋಚನೆ ಬಂದರೆ ಒಂದು ಮಾತು. ಹಿಂದೆ ಅಲ್ಲಿ ಕಂಪನಿ ತೆರೆಯುತ್ತಿದ್ದವರಲ್ಲಿ ಬಹಳ ಜನ ತೆರಿಗೆ ಉಳಿಸಲು ತೆರೆಯುತ್ತಿದ್ದರು. 1982ರ ತೆರಿಗೆ ಒಪ್ಪಂದದ ಪ್ರಕಾರ ಭಾರತದ ಷೇರು ಮಾರಿದ ಲಾಭಕ್ಕೆ ಇಲ್ಲಿ ತೆರಿಗೆ ಇರಲಿಲ್ಲ. 2000ನೇ ಇಸವಿಯಿಂದ ಭಾರತಕ್ಕೆ ಬಂದ ವಿದೇಶಿ ನೇರ ಹೂಡಿಕೆಯಲ್ಲಿ ಕಾಲು ಭಾಗದಷ್ಟು ಆ ಪುಟ್ಟ ದ್ವೀಪದ ದಾರಿಯಲ್ಲೇ ಬಂದದ್ದು. 2016ರ ಮೇ 10ರಂದು ಇದಕ್ಕೆ ತಿದ್ದುಪಡಿ ಆಯಿತು. 2017ರ ಏಪ್ರಿಲ್ 1ರಿಂದ ಕೊಂಡ ಷೇರುಗಳ ಲಾಭಕ್ಕೆ ಭಾರತದಲ್ಲೇ ತೆರಿಗೆ. 2020ರ ಫೆಬ್ರವರಿಯಲ್ಲಿ ಮಾರಿಷಸ್, ಅಕ್ರಮ ಹಣದ ವರ್ಗಾವಣೆ ತಡೆಯುವ ಅಂತಾರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್‌ನ ಬೂದು ಪಟ್ಟಿಗೂ, ಅಂದರೆ ನಿಗಾ ಇಟ್ಟ ದೇಶಗಳ ಪಟ್ಟಿಗೂ ಸೇರಿತು. ನಿಯಮಗಳನ್ನು ಬಿಗಿ ಮಾಡಿಕೊಂಡು 2021ರ ಅಕ್ಟೋಬರ್‌ನಲ್ಲಿ ಹೊರಬಂತು. ಅಷ್ಟು ಕಷ್ಟಪಟ್ಟು ಹೆಸರು ಉಳಿಸಿಕೊಂಡ ದೇಶದಲ್ಲಿ ಬರೀ ಬೋರ್ಡು ನೇತುಹಾಕುವ ಕಂಪನಿ ತೆರೆಯಲು ಹೋಗಬೇಡಿ. ನಿಜವಾದ ಕಚೇರಿ, ನಿಜವಾದ ನೌಕರರು, ನಿಜವಾದ ಕೆಲಸ ಇದ್ದರೆ ಮಾತ್ರ ಹೋಗಿ.

ಹಾಗೆ ಹೋಗುವವರಿಗೆ ಲಾಭವೂ ಇದೆ. ಕೊಮೆಸಾ, ಸಾಡಕ್ ಎಂಬ ಆಫ್ರಿಕಾದ ಎರಡು ವ್ಯಾಪಾರ ಒಕ್ಕೂಟಗಳಲ್ಲಿ ಮಾರಿಷಸ್ ಇದೆ. ಆಫ್ರಿಕಾ ಖಂಡದ ಮುಕ್ತ ವ್ಯಾಪಾರ ವಲಯದಲ್ಲೂ ಇದೆ. ಆದರೆ ಅಲ್ಲೂ ಮೂಲದ ನಿಯಮ ಅಡ್ಡ ಬರುತ್ತದೆ. ಭಾರತದ ತಟ್ಟೆಗೆ ಪೋರ್ಟ್ ಲೂಯಿಯಲ್ಲಿ ಲೇಬಲ್ ಅಂಟಿಸಿದರೆ ಅದು ಮಾರಿಷಸ್ ತಟ್ಟೆ ಆಗುವುದಿಲ್ಲ.

ಇಲ್ಲಿಂದ ಹಣ ಹಾಕುವಾಗ 2022ರ ಆಗಸ್ಟ್‌ನಲ್ಲಿ ಬಂದ ವಿದೇಶಿ ಹೂಡಿಕೆ ನಿಯಮಗಳನ್ನು ಪಾಲಿಸಬೇಕು. ಬ್ಯಾಂಕ್ ಮೂಲಕ ಫಾರಂ ಎಫ್‌ಸಿ ಕೊಟ್ಟು, ಹೂಡಿಕೆಗೆ ರಿಸರ್ವ್ ಬ್ಯಾಂಕಿನ ಗುರುತಿನ ಸಂಖ್ಯೆ (ಯುಐಎನ್) ಪಡೆದ ಮೇಲೇ ಹಣ ಕಳಿಸಬೇಕು. ಪ್ರತಿ ವರ್ಷ ಡಿಸೆಂಬರ್ 31ರ ಒಳಗೆ ವಾರ್ಷಿಕ ವರದಿ ಕೊಡಬೇಕು. ಕಂಪನಿ ನಷ್ಟದಲ್ಲಿದ್ದರೂ, ವ್ಯವಹಾರ ಇನ್ನೂ ಶುರುವಾಗದಿದ್ದರೂ ಕೊಡಬೇಕು. ಅದು ಬಾಕಿ ಇದ್ದರೆ ಎರಡನೇ ಕಂತು ಕಳಿಸಲು ಬ್ಯಾಂಕು ಒಪ್ಪುವುದಿಲ್ಲ. ವಿದೇಶಿ ವ್ಯವಹಾರ ಗೊತ್ತಿರುವ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರನ್ನು ಹಣ ಕಳಿಸುವ ಮೊದಲೇ ಹಿಡಿಯಿರಿ.